ಹಾಡದೆ ದಾಟಿದ ಮನೆ

ಮಧುಗಿರಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ವಾರದ ಯಾವ ದಿನವಾದರೂ ನನಗೆ ಅದು ಶನಿವಾರ ಸಂಜೆಯಾಗಿಬಿಡುತ್ತದೆ. ಚರ್ಚಿನ ಹಿಂದಿನ ಬೀದಿಯಲ್ಲಿದ್ದ ಸುಗುಣಕ್ಕನ ಮನೆಯ ಹಜಾರ, ಅಂಚು ಕಿತ್ತ ಈಚಲು ಚಾಪೆ, ಒಳಗಡೆ ದೊಡ್ಡ ಪಾತ್ರೆಯಲ್ಲಿ ಕೊತಕೊತ ಕುದಿಯುವ ಕಡಲೆಕಾಯಿ, ಅದು ಯಾವಾಗ ಹೊರಗೆ ಬರುತ್ತದೋ ಎಂದು ಅಡುಗೆಮನೆ ಕಡೆಗೇ ಕಣ್ಣು ನೆಟ್ಟು ಕೂತ ಆರು, ಏಳು, ಎಂಟನೇ ಕ್ಲಾಸಿನ ನಾವು. ಸಂಡೇ ಸ್ಕೂಲಿಗೆ ದೊಡ್ಡವರು, ಯೌವನಸ್ಥರ ಕೂಟಕ್ಕೆ ಚಿಕ್ಕವರು ಅನ್ನಿಸಿಕೊಳ್ಳುವ ವಯಸ್ಸು ನಮ್ಮದು. ಮೊಡವೆ, ಮುನಿಸು, ಒಡೆದ ಗಂಟಲು, ಕಾರಣವಿಲ್ಲದ ನಗು. ಯಾವ ಟೀಚರಿಗೆ ಬೇಕು ಹೇಳಿ ಅಂಥ ಮಕ್ಕಳು? ಸುಗುಣಕ್ಕ ಮಾತ್ರ ಚರ್ಚಿನ ಪಾದ್ರಿ ಅಯ್ಯನವರ ಹತ್ತಿರ ಹೋಗಿ, ಇವರನ್ನು ನನಗೆ ಕೊಡಿ ಎಂದು ಕೇಳಿ ತೆಗೆದುಕೊಂಡಿದ್ದಳು. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ಅದಕ್ಕೇ ನಮ್ಮನ್ನು ಕರೆಯುತ್ತಾಳೆ ಎಂದು ಯಾರಾದರೂ ಕರುಣೆಯ ಮುಖ ಮಾಡಿದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಆ ಶನಿವಾರದ ಕೂಟದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರತಿಯೊಬ್ಬರೂ ಒಂದೊಂದು ಪ್ರಾರ್ಥನೆ ಮಾಡಬೇಕು, ಅದೂ ಸ್ವಂತ ಮಾತಿನಲ್ಲಿ. ದೊಡ್ಡವರನ್ನು ಕೇಳಿ ಕಲಿತ ಹಾಗೆ ನಾನು "ಪರಲೋಕದಲ್ಲಿ ವಾಸಿಸುವ ಮಹೋನ್ನತನೇ" ಎಂದು ರಾಗ ಎಳೆದರೆ, "ಸಾಕು ಬುಡಮ್ಮ, ಅಯ್ಯನೋರ ಮಾತು ಅಯ್ಯನೋರಿಗೇ ಇರ್ಲಿ. ನಿಂಗೇನ್ ಬೇಕೋ ಅದು ಕೇಳು" ಎನ್ನುತ್ತಿದ್ದಳು. ಪಾವಗಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಜೋಯಲ್ ಈ ಮಾತನ್ನು ಅಕ್ಷರಶಃ ನಂಬಿ, ಸೋಮವಾರದ ಟೆಸ್ಟಿಗೆ ಮೊದಲು ಗಣಿತದ ಮೇಷ್ಟ್ರಿಗೆ ಜ್ವರ ಬರಲಿ ಸ್ವಾಮಿ ಎಂದು ಬೇಡಿಕೊಂಡ. ಸುಗುಣಕ್ಕ ಒಂದು ಕಣ್ಣು ತೆರೆದು, "ಜ್ವರ ಬ್ಯಾಡ ಕಣ್ಲಾ, ನೆಗಡಿ ಕೇಳು ಸಾಕು" ಎಂದಳು. ಆಮೇಲೆ ಹಾಡು. ಅವಳ ಗಂಡ ಆನಂದಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗದ ಕೈಯಲ್ಲಿ ದಮ್ಮಡಿ ಹಿಡಿದು ಹೊಸ್ತಿಲ ಮೇಲೆ ಕೂತು ಬಡಿಯುತ್ತಿದ್ದ. ಅದರ ಬಿಲ್ಲೆಗಳು ಜಲ್ಲೆನ್ನುವುದು ಬೀದಿಯ ಕೊನೆಗೂ ಕೇಳುತ್ತಿತ್ತು. ಅವನ ತಾಳ ಯಾವಾಗಲೂ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು. ಸುಗುಣಕ್ಕ ಹಾಡು ನಿಲ್ಲಿಸದೆ ಹೊಸ್ತಿಲ ಕಡೆ ಕಣ್ಣು ಬಿಡುತ್ತಿದ್ದಳು, ಅವನು ನಕ್ಕು ಇನ್ನಷ್ಟು ಜೋರು ಮಾಡುತ್ತಿದ್ದ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಮಳೆಗಾಲದಲ್ಲಿ ಆನಂದಣ್ಣ ಎದೆನೋವೆಂದು ಮಲಗಿದವನು ಏಳಲಿಲ್ಲ. ಕೆಲವು ವಾರ ಕೂಟ ನಿಂತಿತು, ಆಮೇಲೆ ಸುಗುಣಕ್ಕನೇ ಹೇಳಿ ಕಳಿಸಿದಳು. ಹೋದೆವು. ಕಡಲೆಕಾಯಿ ಕುದಿಯಿತು, ಪ್ರಾರ್ಥನೆಯ ಸರದಿ ನಡೆಯಿತು. ಆದರೆ ಹಾಡಿನ ಹೊತ್ತಿಗೆ ಅವಳು ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಮುಂದಿನ ಶನಿವಾರವೂ ಅಷ್ಟೇ, ಅದರ ಮುಂದಿನ ಶನಿವಾರವೂ ಅಷ್ಟೇ. ನಮಗೆಲ್ಲ ಹಾಡು ಕಲಿಸಿದ ಹೆಂಗಸು ಹಾಡನ್ನೇ ಬಿಟ್ಟುಬಿಟ್ಟಿದ್ದಳು. ಅಕ್ಕ ಇನ್ನು ಹಾಡುವುದೇ ಇಲ್ಲವೇನೋ ಎಂಬ ಭಯ ನನ್ನನ್ನು ಹಿಡಿಯಿತು. ಅದನ್ನೇ ಸ್ವಂತ ಮಾತಿನಲ್ಲಿ ಪ್ರಾರ್ಥಿಸಬೇಕೆಂದರೆ ಅವಳ ಎದುರು ನಾಲಿಗೆ ಏಳುತ್ತಿರಲಿಲ್ಲ.

ಡಿಸೆಂಬರ್ ಬಂತು. ಮನೆಮನೆ ಮುಂದೆ ಕ್ರಿಸ್‌ಮಸ್ ಹಾಡು ಹಾಡುವ ದೊಡ್ಡವರ ಕ್ಯಾರಲ್ಸ್ ಟೆಂಪೋ ಕೊರಟಗೆರೆ, ಶಿರಾ ಕಡೆಯ ಹಳ್ಳಿಗಳಿಗೆಲ್ಲ ಹೋಗುತ್ತಿತ್ತು. ನಮ್ಮ ಪಾಲಿಗೆ ಊರೊಳಗಿನ ಬೀದಿಗಳು ಮಾತ್ರ, ಅದೂ ಕತ್ತಲಾಗುವ ಮುಂಚೆ. ಆ ವರ್ಷ ಸುಗುಣಕ್ಕ ಮಂಡಿನೋವು ಎಂದು ಬರಲಿಲ್ಲ, ಆದರೆ ಜೋಯಲ್‌ನನ್ನು ಕರೆದು ಆನಂದಣ್ಣನ ದಮ್ಮಡಿಯನ್ನು ಅವನ ಕೈಗೆ ಕೊಟ್ಟಳು. ನಮ್ಮ ಜೊತೆಗೆ ಬಂದವರು ಸಭೆಯ ಹಿರಿಯರಾದ ಸತ್ಯಪ್ಪನವರು. ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ: ಸಾವಾದ ಮನೆಯ ಮುಂದೆ ಆ ವರ್ಷ ಕ್ರಿಸ್‌ಮಸ್ ಹಾಡು ಹಾಡುವುದಿಲ್ಲ, ನಕ್ಷತ್ರದ ಆಕಾಶಬುಟ್ಟಿಯೂ ಅಲ್ಲಿ ತೂಗುವುದಿಲ್ಲ. ಸುಗುಣಕ್ಕನ ಬೀದಿಗೆ ತಿರುಗುವಾಗ ಸತ್ಯಪ್ಪನವರು, "ಸುಗುಣನ ಮನೆ ಮುಂದೆ ಗಲಾಟೆ ಬ್ಯಾಡ ಕಣ್ರೋ. ಸುಮ್ಕೆ ದಾಟ್ಬುಡಿ" ಎಂದರು. ನಮಗೂ ಅದೇ ಸರಿ ಅನ್ನಿಸಿತು. ಬಾಯಿ ಮುಚ್ಚಿ, ಚಪ್ಪಲಿ ಸದ್ದಾಗದ ಹಾಗೆ ನಡೆದೆವು. ಜೋಯಲ್ ಬಿಲ್ಲೆ ಅಲುಗದಿರಲೆಂದು ದಮ್ಮಡಿಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ. ಆ ಮನೆಯಲ್ಲಿ ದೀಪ ಉರಿಯುತ್ತಿತ್ತು, ಬಾಗಿಲು ಪೂರ್ತಿ ತೆರೆದಿತ್ತು. ನಾನು ಅದನ್ನು ಕಂಡೆ, ಅಷ್ಟೇ.

ನಾಲ್ಕು ಮನೆ ದಾಟಿರಬೇಕು. ಹಿಂದಿನಿಂದ ಕೂಗು ಕೇಳಿಸಿತು. ಸುಗುಣಕ್ಕ ಬರಿಗಾಲಿನಲ್ಲಿ, ಕೈಯಲ್ಲಿ ಸೌಟು ಹಿಡಿದೇ ಬೀದಿಗೆ ಬಂದಿದ್ದಳು. "ಯಾಕ್ರೋ, ನನ್ ಮನೆ ಕಾಣ್ಲಿಲ್ವಾ ನಿಮ್ಗೆ?"

ಜೋಯಲ್ ತಡವರಿಸಿದ. "ಸಾವಾದ ಮನೆ ಅಲ್ವಾಕ್ಕ... ಹಾಡಂಗಿಲ್ಲ ಅಂದ್ರು."

"ಸತ್ತಿರೋರು ಅವ್ರು ಕಣ್ಲಾ. ನಾನಿನ್ನೂ ಬದ್ಕಿವ್ನಿ." ಅವಳು ಸೌಟಿನಿಂದ ಮನೆಯ ಕಡೆ ತೋರಿಸಿದಳು. "ಬೆಳಗ್ಗಿಂದ ಬಾಗ್ಲು ನೋಡ್ಕಂಡು ಕೂತಿವ್ನಿ."

ಸತ್ಯಪ್ಪನವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಆಮೇಲೆ ಅವರೇ ಮೊದಲು ಆ ಮನೆಯ ಕಡೆ ತಿರುಗಿ ನಡೆದರು. ಹಜಾರದಲ್ಲಿ ನಿಂತು ಹಾಡಿದೆವು, ತುಂಬಾ ಕೆಟ್ಟದಾಗಿ ಹಾಡಿದೆವು. ಜೋಯಲ್‌ನ ಗಂಟಲು ಅರ್ಧದಲ್ಲೇ ಒಡೆಯಿತು, ಗಾಬರಿಗೆ ಅವನ ತಾಳ ಮುಂದೆ ಓಡಿತು. ಸುಗುಣಕ್ಕ ಥಟ್ಟನೆ ಹೊಸ್ತಿಲ ಕಡೆ ಕಣ್ಣು ಬಿಟ್ಟಳು. ಅಲ್ಲಿ ಯಾರೂ ಇರಲಿಲ್ಲ. ಅವಳು ಗೋಡೆಗೊರಗಿ ಕುಸಿದು ಕೂತು, ನಮ್ಮೆದುರಿಗೇ ಬಿಕ್ಕಿಬಿಕ್ಕಿ ಅತ್ತಳು. ನಾವು ಹಾಡು ನಿಲ್ಲಿಸಲು ಹೋದಾಗ ಕೈಸನ್ನೆ ಮಾಡಿ, "ನಿಲ್ಲಿಸ್ಬ್ಯಾಡ್ರೋ" ಎಂದಳು. ಎರಡನೇ ಚರಣಕ್ಕೆ ಅವಳ ದನಿ ನಮ್ಮ ದನಿಯೊಳಗೆ ಸೇರಿತು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಕ್ರಿಸ್‌ಮಸ್ಸಿನಲ್ಲೂ ಆಗಿಲ್ಲ.

ನಿಮಗೂ ಇಂಥ ಒಂದು ಹಜಾರ ಇದ್ದಿರಬೇಕು, ಅದು ಈಗ ಇರಲಾರದು. ಸುಗುಣಕ್ಕ ವಯಸ್ಸಾದ ಮೇಲೆ ಶಿರಾದ ತಂಗಿಯ ಮನೆ ಸೇರಿದಳು. ಈ ವರ್ಷ ಅಲ್ಲೇ ತೀರಿಕೊಂಡಳು. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸದಲ್ಲಿರುವ ಜೋಯಲ್ ಫೋನ್ ಮಾಡಿ, "ಅಕ್ಕ ಹೋಗ್ಬುಟ್ಲು ಕಣೇ" ಎಂದವನೇ ಇಟ್ಟುಬಿಟ್ಟ. ಡಿಸೆಂಬರಿನಲ್ಲಿ ಮಧುಗಿರಿಗೆ ಹೋದಾಗ ಆ ಬೀದಿಗೆ ಹೋದೆ. ಅವಳ ಮನೆಯಿದ್ದ ಜಾಗದಲ್ಲಿ ಎತ್ತರದ ಕಟ್ಟಡ, ಕೆಳಗೆ ಟೈಲ್ಸ್ ಅಂಗಡಿ. ಹಾಡಬೇಕೆಂದೇ ಹೋಗಿದ್ದೆ. ಅಂಗಡಿಯವನು ಹೊರಗೆ ಬಂದು, "ಏನ್ ಬೇಕಿತ್ತು ಮೇಡಂ?" ಎಂದ. ಏನಿಲ್ಲ ಎಂದು ಮುಂದೆ ನಡೆದೆ. ಬೀದಿಯ ಕೊನೆಯವರೆಗೂ ನಿಧಾನವಾಗಿ ನಡೆದೆ. ಯಾರೂ ಕೂಗಲಿಲ್ಲ.