ಮೇಷ್ಟ್ರು ಬೀರುವಿಗೆ ಹಾಕಿದ ವಾಚು

ಬಸ್ಸು ತಡವಾದರೆ ನನ್ನ ತಂಗಿಯ ಫೋನಿಗೆ ತಿಳಿಸಲಿ ಎಂದು ಮಗಳ ಕೈಗೆ ನನ್ನ ಫೋನ್ ಕೊಟ್ಟಿದ್ದೆ. ಅದನ್ನು ಕಿತ್ತುಕೊಂಡರೆಂದು ಇವತ್ತು ಗುಂಡ್ಲುಪೇಟೆಯ ಅವಳ ಶಾಲೆಗೆ ಹೋದೆ. ಟೀಚರ್ ಎಳೆದ ಡ್ರಾಯರಿನ ತುಂಬ ಮಕ್ಕಳ ಫೋನುಗಳು. ನನಗೆ ನಾನು ಓದಿದ ಸಂತೆಮರಹಳ್ಳಿ ಶಾಲೆಯ ಮೇಷ್ಟ್ರ ಬೀರು ನೆನಪಾಯಿತು.

ಆಗ ತರಗತಿಯಲ್ಲಿ ವಾಚಿದ್ದದ್ದು ನನಗೊಬ್ಬಳಿಗೇ. ಊರಿನ ಬಸ್ಸು ತಪ್ಪದಿರಲೆಂದು ಅಪ್ಪ ತನ್ನ ಡಿಜಿಟಲ್ ವಾಚನ್ನು ಕಟ್ಟಿ ಕಳಿಸುತ್ತಿದ್ದ. ಶಾಲೆಯ ಗಡಿಯಾರ ಕೆಟ್ಟಿದ್ದರಿಂದ ಮೇಷ್ಟ್ರು ನಶ್ಯದ ಬೆರಳನ್ನು ಪಂಚೆಗೆ ಒರೆಸುತ್ತಾ, "ಟೇಮೆಷ್ಟಾಯ್ತಮ್ಮಿ?" ಎಂದು ನನ್ನನ್ನೇ ಕೇಳಿ ಗಂಟೆ ಹೊಡೆಸುತ್ತಿದ್ದರು. ಒಂದು ದಿನ ಪಾಠದ ನಡುವೆ ವಾಚು ಕುಂಯ್ ಎಂದು ಕೂಗಿತು. ಮೇಷ್ಟ್ರು ಅದನ್ನು ಬಿಚ್ಚಿಸಿಕೊಂಡು ಬೀರುವಿಗೆ ಹಾಕಿ ಬೀಗ ಜಡಿದರು. ಅವತ್ತು ಕೊನೆಯ ಗಂಟೆ ಅಂದಾಜಿನ ಮೇಲೆ, ತಡವಾಗಿ ಹೊಡೆಯಿತು. ಬಸ್ಸು ಹೊರಟುಹೋಗಿತ್ತು. ಅಳುತ್ತಾ ಊರಿಗೆ ನಡೆದೆ.

ಮರುದಿನ ಅವ್ವ ಬಂದು ತರಗತಿಯ ಬಾಗಿಲಲ್ಲೇ ನಿಂತಳು. "ಟೇಮ್ ಕೇಳಕ್ಕೆ ನಿಮ್ಗೂ ವಾಚ್ ಬೇಕು, ಮಗಿ ಕೈಲಿದ್ರೆ ಮಾತ್ರ ಬ್ಯಾಡ್ವಾ ಸಾ?"

ಮೇಷ್ಟ್ರು ಎದ್ದು ಬೀರು ತೆಗೆದರು. "ತಗಳಮ್ಮಿ, ಕೂಗೋದ್ ನಿಲ್ಸ್‌ಬುಟ್ಟು ಕಟ್ಕೊ." ಅಷ್ಟೇ, ಮುಗಿಯಿತು.

ಇವತ್ತಿನ ಟೀಚರ್ ಮಾತ್ರ ತಮ್ಮ ಫೋನಿನಿಂದ ತಲೆಯೆತ್ತದೆ, "ರೂಲ್ಸ್ ಮೇಡಂ, ಪರೀಕ್ಷೆ ಮುಗಿದ್ಮೇಲೇ ಕೊಡೋದು. ಟೈಮ್‌ಟೇಬಲ್ ವಾಟ್ಸಪ್ ಗ್ರೂಪಿಗೆ ಹಾಕಿದೀನಿ, ನೋಡ್ಕೊಳ್ಳಿ" ಎಂದರು.

"ಯಾವ್ದ್ರಲ್ಲಿ ನೋಡ್ಲಿ ಮೇಡಂ? ಗ್ರೂಪಲ್ಲಿರೋ ನನ್ ಫೋನು ನಿಮ್ ಡ್ರಾಯರಲ್ಲಿ ಅದೆ!"

"ಹಂಗಾದ್ರೆ ಹೆಡ್‌ಮಾಸ್ಟರಿಗೆ ಅರ್ಜಿ ಬರ್ಕೊಡಿ."

ಬರೆದುಕೊಟ್ಟು ಬಂದು, ಇದನ್ನು ತಂಗಿಯ ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಅರ್ಜಿಗೆ ಒಪ್ಪಿಗೆ ಸಿಕ್ಕರೆ ಗ್ರೂಪಿನಲ್ಲೇ ತಿಳಿಸುತ್ತಾರಂತೆ.