ಗೊಬ್ಬರದ ಚೀಲ ಮತ್ತು ಹವಾಲ್ದಾರ ವೈಜಿನಾಥ

ಹುಮನಾಬಾದ್ ಬಸ್ ಸ್ಟ್ಯಾಂಡಿನ ಹವಾಲ್ದಾರ ವೈಜಿನಾಥನಿಗೆ ತರಬೇತಿ ಕೊಟ್ಟವರು ಒಂದು ತಪ್ಪು ಮಾಡಿದರು: ಗೊಬ್ಬರದಿಂದಲೂ ಬಾಂಬ್ ಆಗುತ್ತದೆ ಎಂದುಬಿಟ್ಟರು. ಈ ಸೀಮೆಯಲ್ಲಿ ಗೊಬ್ಬರದ ಖಾಲಿ ಚೀಲವೇ ಎಲ್ಲರ ಸೂಟ್‌ಕೇಸು. ಹುಡಗಿ ಊರಿನ ಮುದುಕಿ ಮಗಳ ಬಾಣಂತನಕ್ಕೆ ಹೊರಟರೂ ಅದೇ, ಬಸವಕಲ್ಯಾಣದ ಅಳಿಯ ಅತ್ತೆ ಮನೆಗೆ ಹೊರಟರೂ ಅದೇ. ಹೀಗಾಗಿ ಬೆಳಗಾದರೆ ಸಾಕು, ವೈಜಿನಾಥನ ಪಾಲಿಗೆ ದೇಶ ಅಪಾಯದಲ್ಲಿರುತ್ತದೆ. "ಗಡಿ ಕಾಯೋದು ಸಸಾರ ಅದರಿ, ವೈರಿ ಆ ಕಡಿಂದ ಬರ್ತಾನಂತ ಗೊತ್ತಿರ್ತದ. ಇಲ್ಲಿ ನಾಕೂ ಕಡಿಂದ ಬಸ್ ಬರ್ತಾವ," ಎಂದು ಚಹಾದಂಗಡಿಯ ಮುನ್ನಿ ಬೀಗೆ ತಿಳಿಹೇಳುತ್ತಾನೆ. ಬೇವಾರ್ಸಿ ಚೀಲವೊಂದು ಕಂಡಿತೋ, ಸೀಟಿ ಊದಿ ಮಂದಿಯನ್ನೆಲ್ಲ ಕಾಂಪೌಂಡಿನಾಚೆ ಅಟ್ಟುತ್ತಾನೆ. "ಬಾಂಬಿನವರು ಬೀದರದಿಂದ ಬರೂತನಕ ಬಸ್ ನಿಲ್ತಾವೇನು?" ಎಂದು ತಾನೇ ಬಿಚ್ಚಲು ಹೋಗುತ್ತಾನೆ. ಈವರೆಗೆ ಸಿಕ್ಕಿದ್ದು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಮ್ಮೆ ಕಾಲು ಕಟ್ಟಿದ ಹುಂಜ. ಆ ಹುಂಜ ಕೂಗಿದಾಗ ಇಡೀ ಬಸ್ ಸ್ಟ್ಯಾಂಡೇ ಬಿದ್ದು ಬಿದ್ದು ನಕ್ಕಿತು. ಮುನ್ನಿ ಬೀ ಮಾತ್ರ ನಗಲಿಲ್ಲ. ಯಾಕೆಂದರೆ ಪ್ರತಿ ಸಲವೂ ಚೀಲದ ಕಡೆ ಹೊರಡುವ ಮೊದಲು ಆತ ತನ್ನ ಚಾಳೀಸು ಕನ್ನಡಕ ತೆಗೆದು ಅವಳ ಕೈಗಿಡುತ್ತಾನೆ: "ಮಗಳು ಮೊದಲನೇ ಪಗಾರದಾಗ ಕೊಡಿಸ್ಯಾಳ್ರಿ. ಏನಾರ ಆದ್ರ ಮನೀಗೆ ಮುಟ್ಟಸ್ರಿ." ಆಮೇಲೆ ಕಣ್ಣು ಕಾಣದೆ, ಬೆರಳಿನಿಂದ ತಡವಿ ತಡವಿ ಚೀಲದ ಸುತಳಿ ಬಿಚ್ಚುತ್ತಾನೆ. ಅಲ್ಲಿಯತನಕ ಚಾಳೀಸನ್ನು ಸೆರಗಿನಲ್ಲಿ ಸುತ್ತಿ ಹಿಡಿದು ನಿಂತ ಮುನ್ನಿ ಬೀಗೆ, ಚಹಾ ಉಕ್ಕಿ ಒಲೆ ಆರಿದ್ದೂ ತಿಳಿಯುವುದಿಲ್ಲ.