ನಿಂತರೆ ಕೈಕೊಡುತ್ತಿದ್ದ ಎಸಿ

ಶಿವಣ್ಣ ಎಸಿ ಆಫ್ ಮಾಡುತ್ತಿರಲಿಲ್ಲ, ಡೀಸೆಲ್ ಕದಿಯುತ್ತಲೂ ಇರಲಿಲ್ಲ. ಕಾರೇ ಅವನ ಮಾನ ಕಳೆಯಿತು. ನಡೆದದ್ದು ಇಷ್ಟು. ಬೇರೆ ಕಥೆ ಹೇಳುವವರು ಅರಸೀಕೆರೆಯಲ್ಲಿ ಇಂದಿಗೂ ಸಿಗುತ್ತಾರೆ. ಅವರ್ಯಾರೂ ಆ ಕಾರಿನಲ್ಲಿ ಕೂತವರಲ್ಲ.

ಅದು 2003ನೇ ಇಸವಿ. ಸ್ಟೇಷನ್ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನನ್ನದೊಂದು ಬಿಳಿ ಡೀಸೆಲ್ ಕಾರು ಓಡುತ್ತಿತ್ತು. ಯಜಮಾನರು ತೀರಿಕೊಂಡ ಮೇಲೆ ಪರ್ಮಿಟ್ ನನ್ನ ಹೆಸರಿಗೆ ಬಂದಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಗಲೇ ಮೊಮ್ಮಕ್ಕಳನ್ನು ಕಂಡಿದ್ದೆ. ಸ್ಟೀರಿಂಗ್ ಹಿಡಿಯಲು ಬಾರದು. ಫೋನ್ ಎತ್ತುವುದು, ಟ್ರಿಪ್ ಗೊತ್ತುಮಾಡುವುದು, ಗಾಡಿಯನ್ನು ಗ್ಯಾರೇಜಿಗೆ ಒಯ್ಯಿಸುವುದು ನನ್ನ ಕೆಲಸ. ರೈಲಿಳಿದ ಪ್ರವಾಸಿಗರಿಗೆ ಹಳೇಬೀಡು, ಬೇಲೂರು ತೋರಿಸಿ ಸಂಜೆಗೆ ಮತ್ತೆ ಸ್ಟೇಷನ್‌ಗೆ ಬಿಡುವುದು ನಮ್ಮ ಕಸುಬು. ಡ್ರೈವರ್ ಶಿವಣ್ಣ ಬಾಣಾವರದವನು, ಯಜಮಾನರ ಕಾಲದಿಂದ ಇದ್ದವನು. ಪಾರ್ಟಿಗಳನ್ನು ಕೊಡುತ್ತಿದ್ದವನು ಬೇಲೂರಿನ ಪ್ರಕಾಶ ಎಂಬ ಬುಕಿಂಗ್ ಏಜೆಂಟ್. ಅವನು ಕೊಟ್ಟರೆ ನಮಗೆ ಕೆಲಸ, ಇಲ್ಲದಿದ್ದರೆ ಇಲ್ಲ.

ಬೇಸಿಗೆ ಶುರುವಾಗುತ್ತಿದ್ದ ಹಾಗೆ ದೂರು ಬರತೊಡಗಿತು. ಎಸಿ ಒಮ್ಮೆ ತಣ್ಣಗೆ ಬೀಸುತ್ತದೆ, ಒಮ್ಮೆ ಒಲೆಯ ಮುಂದೆ ಕೂತ ಹಾಗಿರುತ್ತದೆ. ಶಿವಣ್ಣನನ್ನು ಕೇಳಿದೆ.

“ಓಡ್ವಾಗ ಚೆನ್ನಾಗೈತೆ ಅಮ್ಮ. ಎಲ್ಲಾದ್ರೂ ನಿಂತ್ರೆ ಬಿಟ್ಬಿಡ್ತೈತೆ” ಎಂದ.

ಅವನು ಹೇಳಿದ್ದು ನಿಜ. ಆ ನಿಜವೇ ಅವನಿಗೆ ಮುಳುವಾಯಿತು. ಯಾಕೆಂದರೆ ಡೀಸೆಲ್ ಉಳಿಸುವ ಡ್ರೈವರುಗಳು ಮಾಡುತ್ತಿದ್ದದ್ದೂ ಅದನ್ನೇ. ಗಾಡಿ ನಿಂತ ಕೂಡಲೇ ಮೆಲ್ಲಗೆ ಎಸಿ ಆರಿಸುವುದು, ಉಳಿದ ಡೀಸೆಲ್ ಕ್ಯಾನಿಗೆ ಇಳಿಸಿ ಮಾರುವುದು. ಸ್ಟ್ಯಾಂಡಿನಲ್ಲಿ ಅದು ಗೊತ್ತಿಲ್ಲದವರಿರಲಿಲ್ಲ. ಬಾಯಿಬಿಟ್ಟು ಹೇಳಿದಷ್ಟೂ ಶಿವಣ್ಣ ಕಳ್ಳನ ಹಾಗೇ ಕಾಣುತ್ತಿದ್ದ.

“ಏನ್ಲಾ ಶಿವ, ಇವತ್ತೆಷ್ಟು ಲೀಟ್ರು ಇಳಿಸ್ದೆ?” ಎಂದು ಜೊತೆಯವರು ಕೇಳುವರು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಊಟದ ಡಬ್ಬಿಯನ್ನು ಕಾರಿನೊಳಗೇ ಬಿಚ್ಚತೊಡಗಿದ.

ಗ್ಯಾರೇಜಿನ ಯೂಸುಫ್ ಎಸಿ ಕೆಲಸ ಕಲಿತವನು. ಗ್ಯಾಸ್ ನೋಡಿದ, ಸರಿಯಿತ್ತು. ಥರ್ಮೋಸ್ಟಾಟ್ ಎಂದರೆ ತಂಪು ಎಷ್ಟಿರಬೇಕೆಂದು ಕಾಯುವ ಭಾಗ. ಅದನ್ನು ಬದಲಾಯಿಸಿದ. ಗಾಡಿ ಒಯ್ದಾಗಲೆಲ್ಲ ಬೆಳಗಿನ ಹೊತ್ತು, ಶೆಡ್ಡಿನ ನೆರಳು. ಎಸಿ ತಣ್ಣಗೆ ಬೀಸಿತು.

“ಐಸ್ ಇದ್ದಂಗೈತೆ ಅಮ್ಮ. ಇನ್ನು ನಿಮ್ಮ ಡ್ರೈವರನ್ನ ನೀವೇ ರಿಪೇರಿ ಮಾಡ್ಕಬೇಕು” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ರೋಗಿ ಎದುರಿಗೆ ಬಂದು ಕೆಮ್ಮದಿದ್ದರೆ ವೈದ್ಯ ತಾನೆ ಏನು ಮಾಡಿಯಾನು?

ಏಪ್ರಿಲ್‌ನಲ್ಲಿ ಒಂದು ಪಾರ್ಟಿ ಹಳೇಬೀಡು ಮುಗಿಸಿ ಬೇಲೂರಿಗೆ ಹೋಯಿತು. ಪೇಟೆಯಲ್ಲಿ ಬಸ್ಸುಗಳ ಹಿಂದೆ ಕಾರು ಸಿಕ್ಕಿಕೊಂಡಿತು, ಎಸಿ ಬಿಟ್ಟಿತು. ಹಿಂದಿನ ಸೀಟಿನಲ್ಲಿದ್ದ ಮುದುಕಿಗೆ ಬವಳಿ ಬಂತು. ಅವಳ ಮಗ ಕೆಳಗಿಳಿದು, ಜನ ನೋಡುತ್ತಿದ್ದ ಹಾಗೇ ಶಿವಣ್ಣನ ಕೆನ್ನೆಗೆ ಹೊಡೆದ. ಪ್ರಕಾಶ ಅಲ್ಲೇ ಇದ್ದ, ತಡೆಯಲಿಲ್ಲ. ಸಂಜೆ ನನಗೆ ಫೋನ್ ಮಾಡಿದ.

“ನೋಡಿ ಅಮ್ಮ, ಆ ಕಳ್ಳ ಇರೋವರೆಗೂ ನಿಮಗೆ ಬುಕಿಂಗ್ ಇಲ್ಲ. ಬೇಕಾದ್ರೆ ನಾನೇ ಒಬ್ಬ ಡ್ರೈವರನ್ನ ಕಳಿಸ್ತೀನಿ.”

ಮಾರನೆಯ ದಿನ ನಾನೇ ಮುಂದಿನ ಸೀಟಿನಲ್ಲಿ ಕೂತು, ಖಾಲಿ ಗಾಡಿಯಲ್ಲಿ ಹಳೇಬೀಡಿಗೆ ಹೋಗಿಬಂದೆ. ದಾರಿಯುದ್ದಕ್ಕೂ ತಂಪು. ನನಗೂ ಶಿವಣ್ಣನ ಮೇಲೆ ಅನುಮಾನ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ವಾಪಸು ಬಂದು ಊರ ಹತ್ತಿರದ ರೈಲ್ವೆ ಗೇಟಿನಲ್ಲಿ ನಿಂತೆವು. ಗೂಡ್ಸ್ ಗಾಡಿ ಬರುವುದಿತ್ತು. ಮಧ್ಯಾಹ್ನದ ಬಿಸಿಲು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬೀಸುತ್ತಿದ್ದ ಗಾಳಿ ಬಿಸಿಯಾಯಿತು.

ಶಿವಣ್ಣ ಎರಡೂ ಕೈಗಳನ್ನು ಎತ್ತಿ ಹಿಡಿದ. “ನೋಡ್ಕಳಿ ಅಮ್ಮ. ಕೈ ಎಲ್ಲೈತೆ ನೋಡ್ಕಳಿ.”

ಸ್ವಿಚ್ ಆನ್ ಆಗಿಯೇ ಇತ್ತು, ಅದರ ದೀಪವೂ ಉರಿಯುತ್ತಿತ್ತು. ಕೈ ಇಳಿಸು ಎಂದೆ. ಗೂಡ್ಸ್ ಪೂರ್ತಿ ಹಾದುಹೋಗುವ ತನಕ ಅವನು ಇಳಿಸಲಿಲ್ಲ.

ನೇರ ಯೂಸುಫನ ಶೆಡ್ಡಿಗೆ ಹೋದೆವು. “ಬಿಸಿ ಇದ್ದಂಗೇ ನೋಡು. ಎಂಜಿನ್ ಆರಿಸ್ಬೇಡ” ಎಂದೆ. ಅವನು ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡಿದ. ಮುಂದಿನ ಜಾಲರಿಯ ಹಿಂದೆ ಕಂಡೆನ್ಸರ್ ಇರುತ್ತದೆ. ಕಾರಿನೊಳಗಿನ ಸೆಕೆಯನ್ನು ಹೊರಗೆ ಚೆಲ್ಲುವುದು ಅದೇ. ಗಾಡಿ ಓಡುವಾಗ ಗಾಳಿ ಬಡಿದು ಅದು ತಾನಾಗಿ ತಣಿಯುತ್ತದೆ. ನಿಂತಾಗ ಅದರ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಗ್ಯಾಸಿನ ಒತ್ತಡ ಏರಿ, ಎಸಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ನಮ್ಮ ಫ್ಯಾನ್ ತಿರುಗುತ್ತಿರಲಿಲ್ಲ. ಅದಕ್ಕೆ ಕರೆಂಟ್ ಕೊಡುವ ಕನೆಕ್ಟರ್ ಹಸಿರುಗಟ್ಟಿ ಕೊಳೆತಿತ್ತು, ಒಳಗೆ ಸತ್ತ ಇರುವೆಗಳಿದ್ದವು. ತಣ್ಣಗಿರುವಾಗ ಅಂಟಿಕೊಂಡಿದ್ದು, ಕಾದಾಗ ಬಿಡುತ್ತಿತ್ತು.

ಯೂಸುಫ್ ಅದನ್ನು ಮೂಸಿ ನೋಡಿದ. “ಇದಕ್ಕೇನು ಹುಯ್ತಿದ್ರಿ?”

ನಮ್ಮ ಕಡೆ ತೆಂಗಿಗೆ ಕೊರತೆಯಿಲ್ಲ. ಸ್ಟ್ಯಾಂಡಿನವರೆಲ್ಲ ಸೋಮವಾರದ ಮೊದಲ ಟ್ರಿಪ್ಪಿಗೆ ಮುಂಚೆ ಗಾಡಿಯ ಮುಂದೆ ಕಾಯಿ ಒಡೆಯುತ್ತಿದ್ದರು. ಉಳಿದವರು ನೀರನ್ನು ಚಕ್ರಕ್ಕೆ ಚಿಮುಕಿಸಿ ಮುಗಿಸುವರು. ಶಿವಣ್ಣ ಎರಡೂ ಹೋಳಿನ ನೀರನ್ನು ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಜಾಲರಿಗೆ ಹುಯ್ಯುತ್ತಿದ್ದ. ಅದು ಗಾಡಿಯ ಮುಖ ಅಂತ ಅವನ ನಂಬಿಕೆ. ಆ ನೀರು ಹಿಂದಿದ್ದ ಕನೆಕ್ಟರಿಗೆ ಇಳಿದು ಅದನ್ನು ತಿಂದಿತ್ತು. ಸಿಹಿನೀರು, ಇರುವೆಯೂ ಬಂದವು.

ಯೂಸುಫ್ ಹೊಸ ಕನೆಕ್ಟರ್ ಹಾಕಿದ. ಆಮೇಲೆ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿದೆವು, ತಂಪು ಬಿಡಲಿಲ್ಲ. ಹಳೆಯದನ್ನು ಕಾಗದದಲ್ಲಿ ಸುತ್ತಿಕೊಂಡು, ಆಗಿಂದಾಗಲೇ ಶಿವಣ್ಣನನ್ನು ಕರೆದುಕೊಂಡು ಬೇಲೂರಿಗೆ ಹೋದೆ. ಪ್ರಕಾಶ ಅದನ್ನು ತಿರುಗಿಸಿ ನೋಡಿದ.

“ಇರ್ಬೋದಮ್ಮ, ನಾನಿಲ್ಲ ಅನ್ನಲ್ಲ. ಆದ್ರೆ ಬಂದುಹೋದ ಪಾರ್ಟಿಗಳಿಗೆಲ್ಲ ಇದನ್ನ ತೋರ್ಸಕ್ಕಾಗುತ್ತಾ? ಅವರ ಬಾಯಲ್ಲಿ ಇವನ ಹೆಸರು ಹೋಗಾಯ್ತು. ನನಗೂ ಕಸ್ಟಮರ್ ಬೇಕಲ್ಲ.”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕೇಳಿಸಿಕೊಂಡ, ಕಾಫಿ ತರಿಸಿದ, ಮಾತು ಬದಲಾಯಿಸಲಿಲ್ಲ. ಶಿವಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ.

ಅರಸೀಕೆರೆಗೆ ಬಂದು ಕಾರು ನಿಲ್ಲಿಸಿ, ಕೀಯನ್ನು ನನ್ನ ಮನೆಯ ಕಿಟಕಿಯಲ್ಲಿಟ್ಟ.

“ನಾಳೆಯಿಂದ ಬರಕಿಲ್ಲ ಅಮ್ಮ. ಗಂಡಸಿ ಮಂಡೀಲಿ ಕಾಯಿ ಲೋಡಿಂಗ್ ಕೆಲಸ ಐತೆ.”

“ನಿನ್ನದೇನೂ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲೋ.”

“ನಿಮಗೆ ಗೊತ್ತಾಯ್ತು” ಎಂದು ಬಾಣಾವರದ ಬಸ್ಸಿಗೆ ಹೊರಟುಹೋದ. ಅವನನ್ನು ಉಳಿಸಿಕೊಂಡಿದ್ದರೆ ಬುಕಿಂಗ್ ಇಲ್ಲ. ಬುಕಿಂಗ್ ಇಲ್ಲದೆ ಅವನಿಗೆ ಸಂಬಳವಾದರೂ ಎಲ್ಲಿಂದ ಕೊಡಲಿ? ಅದು ನನಗಿಂತ ಮುಂಚೆ ಅವನಿಗೆ ಹೊಳೆದಿತ್ತು.

ಈ ಕಸುಬು ನನಗೆ ಕಲಿಸಿದ್ದು ಒಂದೇ. ಪೂರ್ತಿ ಕೆಟ್ಟ ಯಂತ್ರದಿಂದ ಯಾರಿಗೂ ಕೇಡಿಲ್ಲ, ಎಲ್ಲರೂ ಯಂತ್ರವನ್ನೇ ಬೈಯುತ್ತಾರೆ. ಆಗಾಗ ಕೆಡುವ ಯಂತ್ರ ಮನುಷ್ಯನನ್ನು ಹಿಡಿದುಕೊಡುತ್ತದೆ. ಕೆಟ್ಟದ್ದು ಏನೆಂದು ಗೊತ್ತಾಗುವ ಹೊತ್ತಿಗೆ ರಿಪೇರಿಯಾಗುವುದು ಯಂತ್ರ ಮಾತ್ರ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ, ಕೊಳೆತ ಕನೆಕ್ಟರನ್ನು ಡ್ರೈವರುಗಳ ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ಕೈಯಿಂದ ಕೈಗೆ ದಾಟಿಸಿಕೊಂಡು ನೋಡಿದರು. ಕೊನೆಗೆ ಒಬ್ಬ, “ಸರಿ ಅಜ್ಜಿ, ಹಂಗಾದ್ರೆ ಎಸಿ ನಿಂತಾಗೆಲ್ಲ ಉಳಿದ ಡೀಸೆಲ್ ಎಲ್ಲೋಯ್ತು?” ಎಂದ. ಎಲ್ಲರೂ ನಕ್ಕರು. ಅಷ್ಟರಲ್ಲಿ ರೈಲು ಬಂತು. ರಾತ್ರಿ ನಾನು ಫೋನ್ ಮಾಡಿದ್ದಕ್ಕೆ ಪ್ರಕಾಶ ಕಳಿಸಿದ ಹೊಸ ಡ್ರೈವರ್ ಬಂದು ನಿಂತಿದ್ದ. ಅವನ ಹೆಸರು ಕೇಳಿ ಕೀ ಕೊಟ್ಟೆ.